ಮೊದಲು ನಿನ್ನ ಹೆಸರು ರಿಜಿಸ್ಟರ್ ಆಗಲಿ

ಪುಟ್ಟಿ,

ಭಾನುವಾರ ನೀನು ಫೋನ್ ಮಾಡಿದಾಗ ಡೇರಿ ಮುಂದೆ ಹಾಲು ಹಾಕೋರು ಸಾಲಾಗಿ ನಿಂತಿದ್ದರು. ನೆಟ್ಟಗೆ ಮಾತಾಡೋಕೆ ಆಗಲಿಲ್ಲ. ಅದಕ್ಕೇ ಈ ಕಾಗದ.

ಕೋಲಾರದ ಒಂದು ಲ್ಯಾಬಿನವರು "ಸೋಮವಾರದಿಂದಲೇ ಬಾ, ಪ್ಯಾರಾ ಮೆಡಿಕಲ್ ಬೋರ್ಡ್ ರಿಜಿಸ್ಟ್ರೇಷನ್ ಆಮೇಲೆ ನೋಡ್ಕೊಳ್ಳೋಣ" ಅಂದರು ಅಂದೆಯಲ್ಲ, ಬೇಡ ಕಣೇ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ, ಅದೇ ಡಿಎಂಎಲ್‌ಟಿ, ಪಾಸಾಗಿದ್ದೀಯ, ನನಗೆ ಹೇಳಲಾರದಷ್ಟು ಸಂತೋಷ. ಆದರೆ ಬೋರ್ಡಿನಲ್ಲಿ ಹೆಸರು ಸೇರಿ, ನಂಬರ್ ಕೈಗೆ ಬಂದ ಮೇಲೆ ಕೆಲಸಕ್ಕೆ ಹೋಗು. ಅಲ್ಲಿವರೆಗಿನ ಸಂಬಳ ಹೋದರೆ ಹೋಗಲಿ.

ನಾನು ಡೇರಿಗೆ ಟೆಸ್ಟರ್ ಆಗಿ ಸೇರಿದಾಗ ಈಗಿನ ಮೆಷಿನ್ ಇರಲಿಲ್ಲ. ಹಾಲಿನ ಫ್ಯಾಟ್ ಅಳೆಯೋ ಗಾಜಿನ ಬಾಟಲಿ ಬ್ಯುಟಿರೋಮೀಟರಿಗೆ 10 ಎಂ.ಎಲ್. ಆಸಿಡ್, ಮೇಲೆ 10.75 ಎಂ.ಎಲ್. ಹಾಲು, ಆಮೇಲೆ 1 ಎಂ.ಎಲ್. ಆಲ್ಕೋಹಾಲ್. ಆಸಿಡ್ ಸಿಡಿದು ಎರಡು ಸೀರೆ ತೂತಾದವು. ಅದಕ್ಕಿಂತ ಜಾಸ್ತಿ ಭಯ ಇದ್ದದ್ದು ಬಾಟಲಿ ಮೇಲಿನ ನಂಬರಿಗೆ. 14ನೇ ನಂಬರಿನವರ ಹಾಲಿಗೆ 41 ಅಂತ ಬರೆದರೆ ಒಬ್ಬರ ಫ್ಯಾಟ್ ಇನ್ನೊಬ್ಬರ ಲೆಕ್ಕಕ್ಕೆ. ಹಾಲು ತಂದವರು ಎದುರಿಗೆ ಇರುವಾಗಲೇ ನಂಬರ್ ಬರೆಯೋದು ಅವತ್ತಿಂದ ಬಂದ ಅಭ್ಯಾಸ.

ಅಜ್ಜಿ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ನೀನಾಗ ಚಿಕ್ಕವಳು. ಟೌನಿನ ಲ್ಯಾಬೊಂದರಲ್ಲಿ ರಕ್ತ ಕೊಟ್ಟು ಬಂದೆವು. ಅದೇ ದಿನ ಅಜ್ಜಿಯ ಹೆಸರಿನವರೇ ಇನ್ನೊಬ್ಬರು ಬಂದಿದ್ದರಂತೆ. ಅಜ್ಜಿಗೆ ಶುಗರ್ ಇರಲೇ ಇಲ್ಲ, ರಿಪೋರ್ಟಿನಲ್ಲಿ ಮಾತ್ರ 290. ಡಾಕ್ಟರು ಅದನ್ನು ನಂಬಿ ಮಾತ್ರೆ ಬರೆದರು. ನಾಲ್ಕನೇ ದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಇದ್ದವರು ಹಾಗೇ ಒರಗಿದರು. ಮೈಯೆಲ್ಲ ತಣ್ಣಗೆ ಬೆವರು. ಬಾಯಿಗೆ ಸಕ್ಕರೆ ನೀರು ಹಾಕುವಾಗ ನನ್ನ ಕೈ ನಡುಗುತ್ತಿತ್ತು. ಜೀವ ಉಳಿಯಿತು. ವಿಚಾರಿಸಲು ಹೋದರೆ, ರಕ್ತ ತೆಗೆದವರು ಯಾರು ಅಂತ ಹೇಳೋಕೆ ಒಬ್ಬರೂ ಇರಲಿಲ್ಲ. ಹೆಸರೂ ಇಲ್ಲ, ನಂಬರೂ ಇಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ರಿಪೋರ್ಟಿಗೆ ಪೆಥಾಲಜಿ ಡಾಕ್ಟರು ಸಹಿ ಹಾಕ್ತಾರೆ, ನಿಜ. ಆದರೆ ಅವರು ನೋಡೋದು ಅಂಕಿ. ಆ ತೋಳು, ಆ ಟ್ಯೂಬು ನೋಡಿದವಳು ನೀನು. ರಕ್ತ ತೆಗೆದ ಮೇಲೆ ಅಲ್ಲೇ, ಅವರ ಎದುರಿಗೇ ಲೇಬಲ್ ಬರಿ. ಹೆಸರಿನ ಜೊತೆ ವಯಸ್ಸು, ಊರು ಅವರ ಬಾಯಲ್ಲೇ ಹೇಳಿಸು. ಟ್ಯೂಬನ್ನು ಜೋರಾಗಿ ಕುಲುಕಿದರೆ ರಕ್ತದ ಕಣ ಒಡೆದು ಪೊಟ್ಯಾಸಿಯಂ ಸುಳ್ಳುಸುಳ್ಳೇ ಏರುತ್ತೆ ಅಂತ ನೀನೇ ತಾನೇ ನನಗೆ ಹೇಳಿದ್ದು? ನೇರಳೆ ಮುಚ್ಚಳದ್ದನ್ನು ಮೆಲ್ಲಗೆ ತಲೆಕೆಳಗೆ ಮಾಡಿ ತೋರಿಸಿದ್ದು ಕಣ್ಣ ಮುಂದೆ ಇದೆ. ನೀನು ಹೇಳಿದ ಇನ್ನೊಂದು ಮಾತನ್ನಂತೂ ನಾನು ಊರವರಿಗೆಲ್ಲ ಹೇಳಿದೆ. ನಮ್ಮ ಬೋರ್‌ವೆಲ್ ನೀರಲ್ಲಿದ್ದು ಮಕ್ಕಳ ಹಲ್ಲು ಕಂದು ಮಾಡೋ ಫ್ಲೋರೈಡೇ ಬೂದು ಮುಚ್ಚಳದ ಟ್ಯೂಬಲ್ಲಿ ಶುಗರ್ ಇಳಿಯದ ಹಾಗೆ ಕಾಯುತ್ತೆ ಅಂತ.

ಇಷ್ಟೆಲ್ಲ ಗೊತ್ತಿರೋಳು ಹೆಸರಿಲ್ಲದ ಕೈಯಾಗಿ ಯಾಕೆ ದುಡಿಯಬೇಕು? 2021ರಲ್ಲಿ ಕೇಂದ್ರ ಸರ್ಕಾರ ತಂದ ಕಾನೂನಿನಲ್ಲೂ ನಿಮ್ಮ ಕೆಲಸದವರ ಹೆಸರು ರಿಜಿಸ್ಟರಿನಲ್ಲಿ ಇರಬೇಕು ಅಂತಿದೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಕೇಳ್ತಾರೆ.

ನಿನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಬೀರುವಿನ ಮೇಲಿನ ಅರೆಯಲ್ಲಿವೆ, ಹಳದಿ ಕವರಿನಲ್ಲಿ. ಶನಿವಾರ ಬಂದು ತಗೊಂಡು ಹೋಗು. ಫೀಸಿಗೆ ಈ ಸಲದ ಹಾಲಿನ ಬಿಲ್ಲು ಹಾಗೇ ತೆಗೆದಿಟ್ಟಿದ್ದೀನಿ.

ನಿನ್ನ ಅಮ್ಮ