ಗುಜರಿಗೆ ಹೋಗುವ ಮುನ್ನ ಹೆಸರು ಬರೆದಿಡಿ

ಮಾನ್ಯ ಸಂಪಾದಕರೇ,

ಹಳೆಯ ಮೈಸೂರು ಸಂಸ್ಥಾನದ ಸೇನೆಯ ಪೇಟದ ಬಿಲ್ಲೆಗಳು, ಭುಜಕ್ಕೆ ಹಾಕುತ್ತಿದ್ದ ಹಿತ್ತಾಳೆಯ ಅಕ್ಷರಗಳು, ಕೋಟಿನ ಗುಂಡಿಗಳು ಗುಜರಿ ಅಂಗಡಿಗಳಲ್ಲಿ ಆಗಾಗ ಕಾಣಸಿಗುತ್ತವೆ. ಇಂಥವನ್ನು ಸಂಗ್ರಹಿಸುವ ನನಗೆ ಅವು ಅಲ್ಲಿಗೆ ಬಂದು ಸೇರುವುದಕ್ಕಿಂತ, ಸೇರುವ ಹೊತ್ತಿಗೆ ಅವು ಯಾರವು ಎಂಬ ಮಾಹಿತಿ ಅಳಿದುಹೋಗಿರುವುದೇ ದೊಡ್ಡ ನಷ್ಟವೆನಿಸುತ್ತದೆ.

ಮೊದಲ ಮಹಾಯುದ್ಧದ ಬ್ರಿಟಿಷ್ ಸೇವಾ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಮತ್ತು ಪಡೆಯನ್ನು ಒತ್ತಿರುತ್ತಿದ್ದರು. ಹೀಗಾಗಿ ಪದಕ ಯಾರ ಕೈ ಸೇರಿದರೂ ಒಡೆಯನನ್ನು ಹುಡುಕಲು ದಾರಿಯಿರುತ್ತದೆ. ಬಿಲ್ಲೆಗೆ ಆ ಭಾಗ್ಯವಿಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಇಂದಿನ ಇಸ್ರೇಲಿನ ಹೈಫಾ ಪಟ್ಟಣಕ್ಕೆ ನುಗ್ಗಿದಾಗ, ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಏರಿಹೋದ, ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್‌ನ ಸವಾರನ ಬಿಲ್ಲೆಯನ್ನೂ ಬೆಂಗಳೂರನ್ನು ಬಿಟ್ಟು ಕದಲದವನ ಬಿಲ್ಲೆಯನ್ನೂ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೇಳಬಲ್ಲವರು ಆಯಾ ಮನೆಯವರು ಮಾತ್ರ. ಇಂಥ ಸವಾರರ ನೆನಪಿಗೆ ನಿಲ್ಲಿಸಿದ ದೆಹಲಿಯ ತೀನ್ ಮೂರ್ತಿ ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಈ ಪಡೆಯ ಸ್ಮಾರಕವಿದೆ. ಆದರೆ ಸವಾರನ ಮೈಮೇಲಿದ್ದ ವಸ್ತುವಿನ ಬಗ್ಗೆ ನಮಗೆ ಅಷ್ಟು ಕಾಳಜಿಯಿಲ್ಲ.

ಇವುಗಳ ಮೇಲಿರುವ ಗಂಡಭೇರುಂಡವನ್ನು ಕಂಡು ಹಲವರು ಕಚೇರಿಯ ದಲಾಯತರ (ಜವಾನರ) ಡವಾಲಿ ಪಟ್ಟಿಯ ಬಿಲ್ಲೆಯೆಂದೇ ತಿಳಿಯುತ್ತಾರೆ. ಆಯುಧಪೂಜೆಗೆಂದು ಹುಣಸೆಹಣ್ಣು ಹಾಕಿ ತಿಕ್ಕುವುದಂತೂ ಇನ್ನೂ ಕೆಟ್ಟದ್ದು. ಸವಾರನು ದಿನವೂ ಉಜ್ಜಿ ಉಜ್ಜಿ ರೆಕ್ಕೆಯ ಗೆರೆಗಳು ನುಣುಪಾಗಿರುವುದು, ಹಿಂಬದಿಯಲ್ಲಿ ಕಪ್ಪು ಕಟ್ಟಿರುವುದು, ಸಿಕ್ಕಿಸುವ ಕೊಂಡಿಗಳು ಸವೆದಿರುವುದು, ಇವೆಲ್ಲ ಅದು ಸೇವೆಯಲ್ಲಿದ್ದುದಕ್ಕೆ ಸಾಕ್ಷಿ. ಅಚ್ಚೊತ್ತಿ ಮಾಡಿದ ಹಳೆಯ ಬಿಲ್ಲೆಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಗೆರೆಗಳು ಮಂಕಾಗಿ, ಮೈಯಲ್ಲಿ ಸಣ್ಣ ಗುಳಿಗಳು ಉಳಿದಿರುತ್ತವೆ. ಸ್ವಾತಂತ್ರ್ಯಾನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನಗೊಂಡವು, ಮೈಸೂರು ಲ್ಯಾನ್ಸರ್ಸ್ 1953ರಲ್ಲಿ ರೂಪುಗೊಂಡ ಸೇನೆಯ ಕುದುರೆಪಡೆ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಅಸಲಿ ಬಿಲ್ಲೆಗಳು ಇನ್ನು ಹೊಸದಾಗಿ ಹುಟ್ಟುವುದಿಲ್ಲ. ನಕಲಿಗಳು ಹುಟ್ಟುತ್ತಲೇ ಇವೆ.

ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹೈಫಾ ಕಾಲದ ಬಿಲ್ಲೆಗಳು ಈಗಾಗಲೇ ಆ ವಯಸ್ಸನ್ನು ದಾಟಿವೆಯೆಂಬುದನ್ನು ಅಂತರ್ಜಾಲದಲ್ಲಿ ಹರಾಜಿಗಿಡುವವರು ಮರೆಯಬಾರದು. ಮಾರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆಂದರೆ ನನ್ನ ಸಂಗ್ರಹವೇ ನನ್ನನ್ನು ನೋಡಿ ನಕ್ಕೀತು. ಆದರೆ ಮಾರುವ ಮುನ್ನ ಅಜ್ಜನ ಹೆಸರು, ಊರು, ಪಡೆ, ಗೊತ್ತಿದ್ದರೆ ಸೇವೆಯ ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು ಬಿಲ್ಲೆಯೊಂದಿಗೆ ಕೊಡಬೇಕು, ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯು ವಸ್ತುಗಳನ್ನು ಮನೆಯವರ ಬಳಿಯೇ ಬಿಟ್ಟು, ಅವುಗಳ ಎರಡೂ ಬದಿಯ ಛಾಯಾಚಿತ್ರ ಮತ್ತು ಈ ವಿವರಗಳನ್ನು ದಾಖಲಿಸಿಕೊಳ್ಳುವ ಏರ್ಪಾಡನ್ನು ಜಿಲ್ಲಾ ಮಟ್ಟದಲ್ಲಿ ಮಾಡಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಸಂಗ್ರಾಹಕ, ಮೈಸೂರು