ಓದದೆ ಬಂದವರಿಗೂ ಒಂದು ಕುರ್ಚಿ

ಈ ತಿಂಗಳು ನಮ್ಮ ಓದುಗರ ಬಳಗಕ್ಕೆ ಎರಡು ವರ್ಷ ತುಂಬಿತು. ಅವತ್ತು ಎದ್ದು ನಿಂತು ಲೈಬ್ರರಿಯವರಿಗೆ ನಾಲ್ಕು ಮಾತು ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಆದರೆ ಪುಸ್ತಕದ ಜಗಳ ಮುಗಿಯಲೇ ಇಲ್ಲ, ಬಾಗಿಲು ಹಾಕುವ ಹೊತ್ತಾಗಿಬಿಟ್ಟಿತು. ಚೀಟಿ ಜೇಬಿನಲ್ಲೇ ಉಳಿಯಿತು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಮೊದಲು ನಮ್ಮ ಗ್ರಂಥಪಾಲಕಿ ಮೇಡಂ. 'ಏಳೆಂಟು ಜನ ಇದ್ದೇವೆ, ತಿಂಗಳಿಗೊಮ್ಮೆ ಕೂತು ಮಾತಾಡೋಕೆ ಜಾಗ ಸಿಗುತ್ತಾ?' ಅಂತ ಅವರನ್ನು ಕೇಳಿದ ದಿನ ನಾನು ಸುಳ್ಳು ಹೇಳಿದ್ದೆ. ಇದ್ದದ್ದು ನಾನು ಮತ್ತು ನನ್ನ ಗೆಳೆಯ, ಇಬ್ಬರೇ. ಮೇಡಂ ಜಾಗದ ವಿಷಯ ಎತ್ತಲೇ ಇಲ್ಲ. 'ಒಂದೇ ಪುಸ್ತಕ ಎಂಟು ಜನಕ್ಕೆ ಎಲ್ಲಿಂದ ತರ್ತೀರಿ?' ಅಂದರು. ನಾವು ಬಳಗಕ್ಕೆ ಹೆಸರು ಏನಿಡೋದು ಅಂತ ಎರಡು ವಾರ ತಲೆ ಕೆಡಿಸಿಕೊಂಡಿದ್ದೆವು, ಇದನ್ನು ಯೋಚಿಸಿಯೇ ಇರಲಿಲ್ಲ. ಕಪಾಟಿನಲ್ಲಿ ಇದ್ದದ್ದು ಎರಡು ಪ್ರತಿ. ಉಳಿದದ್ದನ್ನು ಅವರು ಬೇರೆ ಶಾಖೆಗಳಿಂದ ಎರವಲು ತರಿಸಿಕೊಟ್ಟರು. ಎರಡು ತಿಂಗಳು ಮುಂಚೆಯೇ ಪುಸ್ತಕ ಆರಿಸಿ ಹೇಳಬೇಕು ಅನ್ನೋದು ಅವರ ಒಂದೇ ಷರತ್ತು. ಪ್ರತಿ ಕಡಿಮೆ ಬಿದ್ದರೆ ಇಬ್ಬರಿಗೆ ಒಂದು, ಹದಿನೈದು ದಿನ ಒಬ್ಬರ ಹತ್ತಿರ, ಆಮೇಲೆ ಇನ್ನೊಬ್ಬರಿಗೆ. ಈಗಲೂ ಹಾಗೇ ನಡೆಯುತ್ತಿದೆ.

ಮೂರನೇ ತಿಂಗಳಲ್ಲಿ ಬಳಗ ಮುಗಿದೇ ಹೋಗಿತ್ತು. ತಪ್ಪು ನನ್ನದೇ. ಆರುನೂರು ಪುಟ ದಾಟಿದ ಕಾದಂಬರಿ ಆರಿಸಿದ್ದೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು ಅನ್ನಿ. ಅವತ್ತು ಬೆಳಿಗ್ಗೆಯಿಂದಲೇ ಮೆಸೇಜು ಬರತೊಡಗಿದವು: ಒಬ್ಬರಿಗೆ ಜ್ವರ, ಒಬ್ಬರ ಮನೆಗೆ ನೆಂಟರು, ಒಬ್ಬರಿಗೆ ತುರ್ತು ಕೆಲಸ. ಹತ್ತು ಕುರ್ಚಿ ಹಾಕಿದ್ದೆವು, ಬಂದವರು ಮೂವರು. ಅವರಲ್ಲಿ ಪುಸ್ತಕ ಮುಗಿಸಿದ್ದವನು ನಾನೊಬ್ಬನೇ. ಕುರ್ಚಿಗಳನ್ನು ವಾಪಸ್ ಜೋಡಿಸಿಟ್ಟು, 'ಸಾಕು ಮೇಡಂ, ನಿಲ್ಲಿಸಿಬಿಡ್ತೀವಿ' ಅಂದೆ.

'ಓದಿ ಮುಗಿಸಿದವರು ಮಾತ್ರ ಬನ್ನಿ ಅಂತ ಹೇಳಿದ್ರಾ?'

'ಇಲ್ಲವಲ್ಲ!'

'ಹೇಳದಿದ್ದರೂ ಅವರಿಗೆ ಹಾಗೇ ಕೇಳಿಸಿದೆ. ಪಾಪ, ನಾಚಿಕೆ ಆಗಿದೆ ಅವರಿಗೆ.'

ಅಂದವರೇ ಒಂದು ತೆಳ್ಳನೆಯ ಕಥಾಸಂಕಲನ ತಂದು ಕೈಗಿಟ್ಟರು. ಯಾರಿಗೂ ಮೊದಲೇ ಕೊಡಬೇಡಿ, ಎಲ್ಲರೂ ಬಂದ ಮೇಲೆ ಒಂದೇ ಒಂದು ಕಥೆ ಗಟ್ಟಿಯಾಗಿ ಓದಿ ಅಂದರು. ಮುಂದಿನ ತಿಂಗಳು ಒಂಬತ್ತು ಜನ ಬಂದರು. ಹನ್ನೆರಡು ಪುಟದ ಕಥೆ, ಒಬ್ಬೊಬ್ಬರು ಒಂದೊಂದು ಪುಟ ಓದಿದೆವು. ಓದೋಕೆ ಅರ್ಧ ಗಂಟೆ ಹಿಡಿಯಿತು. ಕೊನೆಯ ನಾಲ್ಕು ಸಾಲಿನ ಬಗ್ಗೆ ಒಂದೂವರೆ ಗಂಟೆ ಕಿತ್ತಾಡಿದೆವು. ಅವತ್ತಿನಿಂದ ನಮ್ಮಲ್ಲಿ ಓದದೆ ಬಂದವರಿಗೂ ಕುರ್ಚಿ ಇದೆ. ಮೊದಲ ಇಪ್ಪತ್ತು ನಿಮಿಷ ಪುಸ್ತಕದ ಒಂದು ಭಾಗ ಗಟ್ಟಿಯಾಗಿ ಓದುತ್ತೇವೆ, ಮಾತಾಡೋಕೆ ಅಷ್ಟಿದ್ದರೆ ಸಾಕು. ಆದರೆ ಕೊನೆ ಏನಾಗುತ್ತೆ ಅಂತ ಯಾರಾದರೂ ಬಾಯಿಬಿಟ್ಟರೆ ಓದದವರು ಗೊಣಗುವ ಹಾಗಿಲ್ಲ.

ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಕಣ್ಣು ಮಂಜಾಗುತ್ತಾ ಬಂತು. 'ಇನ್ನು ನನ್ನಿಂದಾಗಲ್ಲ' ಅಂತ ಕಾರ್ಡ್ ವಾಪಸ್ ಕೊಡೋಕೆ ಹೋದರು. ಲೈಬ್ರರಿಯವರು ಕಾರ್ಡ್ ತೆಗೆದುಕೊಳ್ಳಲಿಲ್ಲ. ಮೊದಲು ದಪ್ಪಕ್ಷರದ ಪುಸ್ತಕ ಹುಡುಕಿದರು, ಅದೂ ಸಾಲದಾದಾಗ ಕೇಳುವ ಪುಸ್ತಕ ಕೊಡಿಸಿದರು. ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಧ್ವನಿಗೋ ಬ್ರೈಲ್‌ಗೋ ಇಳಿಸಲು ಹಕ್ಕುಸ್ವಾಮ್ಯ ಅಡ್ಡ ಬರಬಾರದು ಅಂತ 2013ರಲ್ಲಿ ಮರಾಕೇಶ್‌ನಲ್ಲಿ ದೇಶಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಂಡಿವೆ ಅನ್ನೋದು ನನಗೆ ಗೊತ್ತಾದದ್ದೂ ಆವಾಗಲೇ. ಈಗ ನಮ್ಮೆಲ್ಲರಿಗಿಂತ ಚೆನ್ನಾಗಿ ಪುಸ್ತಕ ನೆನಪಿರೋದು ಅವರಿಗೇ. ನಾವು ಹಾರಿಸಿ ಓದುವ ವರ್ಣನೆಗಳನ್ನು ಅವರು ಹಾರಿಸೋ ಹಾಗಿಲ್ಲವಲ್ಲ!

ಎರವಲು ವಿಭಾಗದ ಸಹಾಯಕರಿಗೆ ಬೇರೆಯಾಗಿಯೇ ಒಂದು ನಮಸ್ಕಾರ. ಒಮ್ಮೆ ಯಾವ ಪುಸ್ತಕಕ್ಕೂ ಬಳಗದಲ್ಲಿ ಒಪ್ಪಿಗೆ ಆಗದೆ ನಿಂತಿದ್ದಾಗ, ಕೆಳಗಿನ ಕಪಾಟಿನಿಂದ ಒಂದನ್ನು ಎಳೆದು ಧೂಳು ಒರೆಸಿ ಕೊಟ್ಟರು. ತಾರೀಖಿನ ಚೀಟಿ ನೋಡಿದರೆ ಅದು ಹೊರಗೆ ಹೋಗಿ ಹನ್ನೊಂದು ವರ್ಷ ಆಗಿತ್ತು. ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರಲ್ಲ, ಅದರಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನೋದು. ಸೂತ್ರ ನನಗೂ ಗೊತ್ತಿತ್ತು. ಬಗ್ಗಿ ಕೆಳಗಿನ ಕಪಾಟು ನೋಡಿದವರು ಮಾತ್ರ ಅವರು. ಎರಡು ವರ್ಷದಲ್ಲಿ ಎಲ್ಲರೂ ಒಕ್ಕೊರಲಿನಿಂದ ಮೆಚ್ಚಿದ ಪುಸ್ತಕ ಅದೊಂದೇ.

ಬಳಗದ ಗೆಳೆಯರಿಗೆ ಜಾಸ್ತಿ ಹೇಳಲ್ಲ, ಎದುರಿಗೇ ಸಿಗ್ತೀರಿ. ನಾನು ಮಾತು ನಿಲ್ಲಿಸದಿದ್ದಾಗ ಮೇಜಿನ ಕೆಳಗೆ ಕಾಲು ತುಳಿಯುವವರು ಯಾರು ಅಂತ ನನಗೆ ಗೊತ್ತು. ಅವರಿಗೂ ಥ್ಯಾಂಕ್ಸ್.

ಕೊನೆಯದಾಗಿ, ಬೀಗದ ಕೈ ಹಿಡಿದು ನಮಗಾಗಿ ಕಾಯುವ ಅಣ್ಣ. ಮೊದಮೊದಲು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಆಮೇಲೆ ಗಡಿಯಾರ ನೋಡೋದು ಬಿಟ್ಟರು. ಮೊನ್ನೆ, ಎರಡು ವರ್ಷ ತುಂಬಿದ ದಿನ, ನಾವು ಚೀಲ ಎತ್ತಿಕೊಂಡು ಹೊರಟಾಗ ತಡೆದು, 'ಅಲ್ಲ, ಆ ಹೆಂಗಸು ಮನೆ ಬಿಟ್ಟು ಹೋಗಿದ್ದು ತಪ್ಪು ಅಂತ ಯಾಕೆ ಅಂತೀರಿ?' ಅಂದರು. ಉತ್ತರ ಕೊಡೋಕೆ ನಾಲ್ಕು ಜನ ಒಟ್ಟಿಗೇ ಬಾಯಿ ತೆರೆದರು. ಅವರೂ ಒಂದು ಕುರ್ಚಿ ಎಳೆದುಕೊಂಡರು. ಬೀಗ ಬಿದ್ದಾಗ ಅರ್ಧ ಗಂಟೆ ತಡವಾಗಿತ್ತು.

ಮುಂದಿನ ತಿಂಗಳ ಪುಸ್ತಕದ ಮೂರು ಪ್ರತಿ ಇನ್ನೂ ಮೇಡಂ ಮೇಜಿನ ಮೇಲಿವೆ.