ಪುಟ್ಟ ಎಂಪಿ3 ಪ್ಲೇಯರ್: ಬಳಸಿ ನೋಡುವವರು ಹೆಸರು ಹೇಳಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಹೇಳಿದ್ದೆನಲ್ಲ, ಕ್ಲಿಪ್ ಇರುವ ಪುಟ್ಟ ಪ್ಲೇಯರ್, ಅದನ್ನು ದಿನಾ ವಾಕಿಂಗ್‌ನಲ್ಲಿ ಬಳಸುತ್ತಿದ್ದೇನೆ. ತುಂಬಾ ಇಷ್ಟವಾಯಿತು. ಹಾಡಿನ ನಡುವೆ ಕಾಲ್ ಇಲ್ಲ, ಮೆಸೇಜ್ ಇಲ್ಲ. ಒಂದು ರಾಗಾಲಾಪನೆಯನ್ನು ಪೂರ್ತಿ ಕೇಳಲು ಇಷ್ಟು ಸಾಕು, ಅಲ್ವಾ?

ಇದರಲ್ಲಿ ಎಷ್ಟು ಹಾಡು ಹಿಡಿಸುತ್ತದೆ ಅಂತ ಕೆಲವರು ಕೇಳಿದ್ದಿರಿ. 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಎಂಪಿ3 ಆದರೆ ಒಂದು ನಿಮಿಷಕ್ಕೆ ಸುಮಾರು 1 ಎಂಬಿ. ಎರಡೂವರೆ ಗಂಟೆಯ ಸಂಗೀತ ಕಛೇರಿ 150 ಎಂಬಿ ಒಳಗೇ ಮುಗಿಯುತ್ತದೆ. ಇದರಲ್ಲಿ 8 ಜಿಬಿ ಇದೆ, ಧಾರಾಳವಾಯಿತು. ದನಿ ಇನ್ನೂ ಚೆನ್ನಾಗಿರಬೇಕು ಅನ್ನುವವರು 320 ಕೆಬಿಪಿಎಸ್‌ನಲ್ಲಿ ಹಾಕಿಕೊಳ್ಳಿ. ತಂಬೂರಿಯ ನಾದದಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಯಿತು.

ಒಂದು ತೊಂದರೆ ಇದೆ. ಹಾಡಿನ ಹೆಸರು ಕನ್ನಡದಲ್ಲಿದ್ದರೆ ಪರದೆ ಮೇಲೆ ಬರೀ ಚೌಕಗಳು ಕಾಣುತ್ತವೆ. ಬೇಜಾರಿನ ಸಂಗತಿ. ಸದ್ಯಕ್ಕೆ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಮುಂದೆ 01, 02 ಅಂತ ಅಂಕಿ ಹಾಕಿ. ಆಗ ಕಛೇರಿ ಶುರುವಾಗುವ ವರ್ಣ ಮೊದಲು, ಮುಗಿಸುವ ಮಂಗಳ ಕೊನೆಗೆ, ಸರಿಯಾದ ಕ್ರಮದಲ್ಲೇ ಬರುತ್ತದೆ.

ರೇಡಿಯೋ ಕೂಡ ಇದೆ. ಇಯರ್‌ಫೋನಿನ ವೈರೇ ಆಂಟೆನಾ, ಹಾಗಾಗಿ ಅದನ್ನು ಸಿಕ್ಕಿಸದೆ ಸ್ಟೇಷನ್ ಹುಡುಕಬೇಡಿ. ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ 101.3 ಸ್ವಚ್ಛವಾಗಿ ಕೇಳಿಸಿತು.

ಬೇಕಾದವರು ಶನಿವಾರದೊಳಗೆ ಇಲ್ಲೇ ಹೆಸರು ಹಾಕಿ, ಒಬ್ಬೊಬ್ಬರಿಗೆ ಒಂದು ವಾರ ಕೊಡುತ್ತೇನೆ. ಮನೆಯ ಹಿರಿಯರಿಗೆ ಅಂತ ಕೇಳುವವರಿಗೆ ಮೊದಲ ಸರದಿ. ಇಯರ್‌ಫೋನ್ ನಿಮ್ಮದೇ ಇರಲಿ. ವಾಪಸ್ ಕೊಡುವಾಗ ಚಾರ್ಜ್ ಮಾಡಿ ಕೊಡಿ.